ಮುನ್ನೂರ ಇಪ್ಪತ್ತು ಎಲೆಯ ಕಟ್ಟು

ಆಷಾಢ ಬಂತೆಂದರೆ ಹಳೇ ಮೈಸೂರಿನ ಕಡೆ ಮದುವೆ, ಗೃಹಪ್ರವೇಶಗಳಿಗೆಲ್ಲ ಬಿಡುವು. ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೋಗಿರುತ್ತಾಳೆ, ಹುಡುಗ ತನ್ನೂರಿನಲ್ಲಿ ದಿನ ಎಣಿಸುತ್ತಿರುತ್ತಾನೆ. ಬೇರೆ ಊರಿನ ದೇವರುಗಳು ತೇರಿಗೆ ಒಲ್ಲೆ ಎನ್ನುವ ಆ ತಿಂಗಳಲ್ಲೇ ಚಾಮರಾಜನಗರದ ಚಾಮರಾಜೇಶ್ವರ ತೇರು ಹತ್ತುತ್ತಾನೆ. ಅಗಲಿದ್ದ ಜೋಡಿಗಳು ತೇರಿನ ನೆಪದಲ್ಲಿ ಸೇರುತ್ತವೆ. ಬಾಳೆಹಣ್ಣಿಗೆ ಜವನ ಸಿಕ್ಕಿಸಿ, ಜನರ ತಲೆಗಳ ಮೇಲಿಂದ ಕಳಸಕ್ಕೆ ಗುರಿಯಿಟ್ಟು ಎಸೆಯುತ್ತವೆ. 2017ರಲ್ಲಿ ಹಳೆಯ ತೇರಿಗೆ ಬೆಂಕಿ ಬಿದ್ದಮೇಲೆ ಕೆಲವು ವರ್ಷ ಆ ಸಂಭ್ರಮ ನಿಂತಿತ್ತು. ಹೊಸ ತೇರು ಬಂದು 2022ರಲ್ಲಿ ಮತ್ತೆ ಎಳೆದಾಗ ಊರಿಗೆ ಊರೇ ಬೀದಿಯಲ್ಲಿತ್ತು.

ಈ ದೇವರ ಹೆಸರು ಪುರಾಣದಿಂದ ಬಂದದ್ದಲ್ಲ, ಒಬ್ಬ ಮಗನಿಂದ ಬಂದದ್ದು. ಊರಿನ ಹಳೆಯ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಅವರು 1796ರಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಟಿಪ್ಪು ಬಿದ್ದ ಮೇಲೆ, 1799ರ ಜೂನ್ 30ರಂದು, ಐದು ವರ್ಷ ತುಂಬುವ ಹೊಸ್ತಿಲಲ್ಲಿದ್ದ ಆ ಹುಡುಗನನ್ನೇ ಬ್ರಿಟಿಷರು ಮೈಸೂರಿನ ಗದ್ದುಗೆಗೆ ಏರಿಸಿದರು. ಮುಖವೂ ನೆನಪಿನಲ್ಲಿ ಉಳಿದಿರಲಾರದ ಆ ತಂದೆಗಾಗಿ ಮುಮ್ಮಡಿ ಕೃಷ್ಣರಾಜರು 1818ರಲ್ಲಿ ಅರಿಕುಠಾರಕ್ಕೆ ಚಾಮರಾಜನಗರ ಎಂದು ಹೆಸರಿಟ್ಟರು. 1826ರಲ್ಲಿ ಗುಡಿ ಕಟ್ಟಿಸಿದರು. ಲಿಂಗಕ್ಕೆ ತಂದೆಯ ಹೆಸರು, ಅಮ್ಮನವರಿಗೆ ತಾಯಿಯ ಹೆಸರು: ಕೆಂಪನಂಜಾಂಬ. ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪ ಬೇರೆ.

ಇದೇ ಮಹಾರಾಜರು ಇನ್ನೊಂದು ಬಗೆಯ ಗುಡಿಯನ್ನೂ ಕಟ್ಟಿದರು. ಅದು ಅಂಗೈಯಲ್ಲಿ ಹಿಡಿಯುವಂಥದು, ಬಣ್ಣದ್ದು, ಒಂದರ ಮೇಲೊಂದು ಪೇರಿಸಿ ಪೆಟ್ಟಿಗೆಯಲ್ಲಿ ಇಡುವಂಥದು. ಅದರ ಹೆಸರು ಛದ. ಹೊರಗಿನವರು ಅದನ್ನು ಮೈಸೂರು ಗಂಜೀಫಾ ಎಂದು ಕರೆದರು. ದೇಶವಿದೇಶದ ಸಂಗ್ರಾಹಕರು ಹುಡುಕಿಕೊಂಡು ಬಂದು ಬೆಲೆ ಕಟ್ಟಿದ ಹಳೆಯ ಎಲೆಗಳಿವು. ಚಾಮರಾಜನಗರದಲ್ಲಿ ರಾಜರ ಗುಡಿಗೆ ದಿನವೂ ದೀಪ ಹಚ್ಚುವವರಿದ್ದಾರೆ. ಅವರ ಆಟದ ಹೆಸರು ಬಲ್ಲವರು ಮಾತ್ರ ಬಹಳ ಕಡಿಮೆ.

ಛದ ಎಂದರೆ ಸಂಸ್ಕೃತದಲ್ಲಿ ಎಲೆ, ಹೊದಿಕೆ. ನಮ್ಮ ಮಾತಿನಲ್ಲೂ ಅದು ಎಲೆಯೇ. ಗುಂಡ್ಲುಪೇಟೆಯ ಅರಳಿಕಟ್ಟೆಯಲ್ಲಿ ಕೂತವರು ಇವತ್ತಿಗೂ ‘ಎಲೆ ಹಾಕು’, ‘ಎಲೆ ಕಲಸು’ ಅನ್ನುತ್ತಾರೆ. ಬಾಳೆ ಎಲೆ, ವೀಳ್ಯದೆಲೆ, ಇಸ್ಪೀಟೆಲೆ ಎಲ್ಲ ಒಂದೇ ಬಳ್ಳಿಯ ಮಾತು. ಇಸ್ಪೀಟು, ಆಟೀನು, ಕಳಾವರ್ ಪಶ್ಚಿಮದಿಂದ ಹಡಗು ಹತ್ತಿ ಬಂದವು. ಗಂಜೀಫಾ ಅದಕ್ಕೂ ಮೊದಲು ಪರ್ಷಿಯಾದ ದಾರಿಯಲ್ಲಿ ಬಂದಿತ್ತು. ಬಾಬರನು 1527ರ ಜೂನ್‌ನಲ್ಲಿ ಸಿಂಧ್‌ನಲ್ಲಿದ್ದ ಗೆಳೆಯನೊಬ್ಬನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಕ್ಬರನ ಕಾಲಕ್ಕೆ ಹನ್ನೆರಡು ಜಾತಿಯ 144 ಎಲೆಗಳ ಆಟ ಬಂತು, ಅದನ್ನು ಅಬುಲ್ ಫಜಲ್ ವಿವರಿಸಿದ್ದಾನೆ. ಎಂಟು ಜಾತಿಯ 96 ಎಲೆಗಳ ಆಟ ಮೊಗಲರ ಹೆಸರಿನಲ್ಲೇ ಉಳಿಯಿತು. ದಕ್ಷಿಣಕ್ಕೂ ಪೂರ್ವಕ್ಕೂ ಹರಡುತ್ತ ಹೋದಂತೆ ಆಟ ಹಿಂದೂ ದೇವರುಗಳನ್ನು ಒಳಗೆ ಕರೆದುಕೊಂಡಿತು. ದಶಾವತಾರದ ಹತ್ತು ಜಾತಿ, ಜಾತಿಗೆ ಹನ್ನೆರಡರಂತೆ 120 ಎಲೆ. ಮೀನು ಬಿದ್ದರೆ ಮತ್ಸ್ಯ, ಆಮೆ ಬಿದ್ದರೆ ಕೂರ್ಮ, ಕೊಡಲಿ ಬಿದ್ದರೆ ಪರಶುರಾಮ. ಬಂಗಾಳದ ವಿಷ್ಣುಪುರ, ಒಡಿಶಾದ ರಘುರಾಜಪುರ, ಕೊಂಕಣದ ಸಾವಂತವಾಡಿ, ತೆಲಂಗಾಣದ ನಿರ್ಮಲ್, ಹೀಗೆ ಒಂದೊಂದು ಊರಿಗೆ ಒಂದೊಂದು ಕೈ, ಒಂದೊಂದು ಬಣ್ಣ.

ಹತ್ತಿರದಿಂದ ನೋಡಿದರೆ ಎಲೆಯ ಮೊದಲ ಆಶ್ಚರ್ಯ ಅದರ ಆಕಾರ. ಹೆಚ್ಚಿನವು ದುಂಡಗೆ, ರೂಪಾಯಿ ನಾಣ್ಯಕ್ಕಿಂತ ದೊಡ್ಡದು, ಅಂಗೈಗಿಂತ ಚಿಕ್ಕದು. ಹಳೆಯ ಬಟ್ಟೆಯನ್ನೋ ಕಾಗದವನ್ನೋ ಪದರ ಪದರವಾಗಿ ಹುಣಸೆಬೀಜದ ಅಂಟಿನಲ್ಲಿ ಅಂಟಿಸಿ ಒಣಗಿಸುತ್ತಾರೆ. ಮೇಲೆ ಸುಣ್ಣದ ಬಿಳಿ ಸವರಿ, ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ತರುತ್ತಾರೆ. ಆಮೇಲೆ ವೃತ್ತವಾಗಿ ಕತ್ತರಿಸಿ ನೆಲದ ಬಣ್ಣ, ಅದರ ಮೇಲೆ ಅಳಿಲಿನ ಬಾಲದ ಕೂದಲಿನಷ್ಟು ಸಣ್ಣ ಕುಂಚದಿಂದ ಚಿತ್ರ. ಕೊನೆಗೆ ಎರಡೂ ಕಡೆ ಅರಗಿನ ಹೊದಿಕೆ. ಹಿಂಬದಿ ಒಂದೇ ಬಣ್ಣ, ಚಿತ್ರವಿಲ್ಲ. ಎದುರಾಳಿಗೆ ಎಲೆಯ ಗುರುತು ಸಿಗಬಾರದಲ್ಲ. ಹುಣಸೆಬೀಜದ ಅಂಟು, ಅರಗು, ಬಣ್ಣ ಮೂರೂ ಕೂಡಿ ಎಲೆಗೆ ಒಂದು ಬಿಗಿತ ಬರುತ್ತದೆ. ಒಂದರ ಮೇಲೊಂದು ಬಿಟ್ಟರೆ ಗಾಜಿನ ಬಳೆ ತಾಗಿದಂಥ ಸಣ್ಣ ಸದ್ದು.

ಅರಮನೆಗೆ ಹೋಗುವ ಎಲೆ ಬೇರೆ, ಪೇಟೆಗೆ ಹೋಗುವ ಎಲೆ ಬೇರೆ. ಕಸುಬಿನವರು ಅದನ್ನು ದರ್ಬಾರ್ ಕಲಮ್, ಬಜಾರ್ ಕಲಮ್ ಎಂದು ಎರಡಾಗಿ ಹೇಳುತ್ತಿದ್ದರು. ದರ್ಬಾರಿನದಕ್ಕೆ ಆನೆದಂತ, ಆಮೆಚಿಪ್ಪು, ಚಿನ್ನದ ರೇಖು. ಬಜಾರಿನದಕ್ಕೆ ಬಟ್ಟೆ, ಕಾಗದ, ಕೈಗೆ ಸಿಕ್ಕ ಬಣ್ಣ. ಈ ಎರಡು ಮಾತುಗಳೇ ಹೇಳುತ್ತವೆ: ಬೆಲೆಯ ಲೆಕ್ಕ ಸಂಗ್ರಾಹಕರು ಬರುವ ಎಷ್ಟೋ ಮೊದಲೇ ಶುರುವಾಗಿತ್ತು.

ಮುಮ್ಮಡಿಯವರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವ ತನಕ, ಮೂವತ್ತೇಳು ವರ್ಷ, ಅವರು ರಾಜ್ಯವಿಲ್ಲದ ರಾಜ. ಸೋಮಾರಿ ದೊರೆ ಎಲೆಯಾಡಿ ಕಾಲ ಕಳೆದರು ಎಂದು ಇಲ್ಲಿಗೇ ಮಾತು ಮುಗಿಸಿಬಿಡುವವರಿದ್ದಾರೆ. ಆ ವರ್ಷಗಳಲ್ಲಿ ಅರಮನೆಯಲ್ಲಿ ಆದ ಕೆಲಸ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಪಂಡಿತರು, ಚಿತ್ರಗಾರರು ಕೂಡಿ ‘ಶ್ರೀತತ್ತ್ವನಿಧಿ’ಯನ್ನು ಸಿದ್ಧಪಡಿಸಿದರು. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿಗಳಿಂದ ಶುರುವಾಗಿ ಒಂಬತ್ತು ನಿಧಿಗಳು, ಒಂದೊಂದು ದೇವತೆಗೂ ಧ್ಯಾನಶ್ಲೋಕ, ಬಣ್ಣ, ಆಯುಧ, ವಾಹನ, ಜೊತೆಗೆ ಚಿತ್ರ. ಕೊನೆಯದು ಕೌತುಕನಿಧಿ. ಅದರಲ್ಲಿರುವ 122 ಯೋಗಾಸನಗಳ ಚಿತ್ರಗಳನ್ನು 1996ರಲ್ಲಿ ನಾರ್ಮನ್ ಸ್ಜೋಮನ್ ಎಂಬ ವಿದ್ವಾಂಸರು ಪ್ರಕಟಿಸಿದ ಮೇಲೆ ಅವು ಜಗತ್ತಿನ ಯೋಗಶಾಲೆಗಳನ್ನೆಲ್ಲ ಸುತ್ತಿದವು. ಅದೇ ಕೌತುಕನಿಧಿಯಲ್ಲಿ ಎಲೆಯಾಟಗಳೂ ಇವೆ. ಆಸನಗಳಿಗೆ ಬಂದ ಭಾಗ್ಯ ಅವಕ್ಕೆ ಇನ್ನೂ ಬಂದಿಲ್ಲ.

ಹದಿಮೂರು ಬಗೆಯ ಛದ. ಅತಿ ಚಿಕ್ಕದಕ್ಕೆ 36 ಎಲೆ, ಅತಿ ದೊಡ್ಡದಾದ ಜಗನ್ಮೋಹನ ಛದಕ್ಕೆ 360. ಚಾಮುಂಡೇಶ್ವರಿ ಛದಕ್ಕೆ ಹದಿನಾರು ಜಾತಿ, ಜಾತಿಗೆ ಇಪ್ಪತ್ತು, ಒಟ್ಟು 320. ನವಗ್ರಹಗಳಿಗೊಂದು ಛದ, ದೇವಿಯ ದಶಾವತಾರಗಳಿಗೊಂದು ಛದ. ಬೇರೆ ಊರಿನ ಗಂಜೀಫಾದಲ್ಲಿ ಜಾತಿಗೆ ರಾಜ, ಮಂತ್ರಿ ಎಂದು ಎರಡೇ ಚಿತ್ರದ ಎಲೆ, ಮಿಕ್ಕ ಹತ್ತು ಅಂಕೆಯವು. ಮೈಸೂರಿನಲ್ಲಿ ಅಷ್ಟಕ್ಕೇ ನಿಲ್ಲಲಿಲ್ಲ. ಹಲವು ಛದಗಳಲ್ಲಿ ಅಂಕೆ ಹನ್ನೆರಡಕ್ಕೆ ಏರಿತು, ಚಿತ್ರದ ಎಲೆಗಳು ಆರಾದವು. ಇಡೀ ದೇವಲೋಕವನ್ನು ಎಣಿಸಿ, ಗುಂಪು ಮಾಡಿ, ಮೇಲೆಕೆಳಗೆ ಇಟ್ಟು, ಮಡಿಲಲ್ಲಿ ಹಿಡಿಯುವ ಹಾಗೆ ಮಾಡಿದ ವಿಶ್ವಕೋಶ ಇದು. ಯಾವ ದೇವತೆಗೆ ಯಾವ ಆಯುಧ ಎಂದು ಮರೆತವನು ಆಟದಲ್ಲಿ ಸೋಲುತ್ತಾನೆ.

ಆಟದ ಕ್ರಮವೂ ಚೆನ್ನಾಗಿದೆ. ಸಾಮಾನ್ಯ ಗಂಜೀಫಾಕ್ಕೆ ಮೂವರು ಆಟಗಾರರು. ಬಿಳಿ ಬಟ್ಟೆ ಹಾಸಿ ಎಲೆಗಳನ್ನು ಅದರ ಮೇಲೆ ಸುರಿದು, ಬೋರಲಾಗಿಸಿ, ಎರಡೂ ಕೈಯಿಂದ ಕಲಸುತ್ತಾರೆ. ದುಂಡಗಿನ ಎಲೆಯನ್ನು ಇಸ್ಪೀಟಿನ ಹಾಗೆ ಕೈಯಲ್ಲಿ ಹೊಸೆಯಲು ಬರುವುದಿಲ್ಲ. ತುರುಪು ಇಲ್ಲ. ದಶಾವತಾರದ ಆಟದಲ್ಲಿ ಹಗಲು ಆಡುವುದಾದರೆ ರಾಮ ಯಾರ ಕೈಯಲ್ಲಿದ್ದಾನೋ ಅವರದು ಮೊದಲ ಎಲೆ, ದೀಪ ಹಚ್ಚಿದ ಮೇಲಾದರೆ ಕೃಷ್ಣ ಇದ್ದವರದು. ಐದು ಜಾತಿಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನೈದು ಜಾತಿಗಳಲ್ಲಿ ತಿರುಗುಮುರುಗು, ಒಂದೇ ದೊಡ್ಡದು. ಬಿದ್ದ ಎಲೆಗಳನ್ನೆಲ್ಲ ನೆನಪಿಟ್ಟುಕೊಂಡವನಿಗೆ ಗೆಲುವು. ಹೀಗಾಗಿ ಕಟ್ಟಿನಲ್ಲಿ ಒಂದೇ ಒಂದು ಎಲೆ ಕಳೆದರೂ ಲೆಕ್ಕ ಕೆಡುತ್ತದೆ, ಆಟ ನಿಲ್ಲುತ್ತದೆ. ಹಳೆಯ ಕಟ್ಟುಗಳಲ್ಲಿ ಅಲ್ಲಲ್ಲಿ ಬೇರೆ ಕೈ ಬರೆದ ಎಲೆ ಕಾಣುವುದು ಇದಕ್ಕೇ. ಕಳೆದುಹೋದ ಮೂರರ ಮೀನಿಗೆ ಬದಲು ಇನ್ನೊಬ್ಬ ಚಿತ್ರಗಾರನಿಂದ ಮೂರರ ಮೀನು ಬರೆಸಿ ತಂದಿರುತ್ತಾರೆ. ಆ ಮೀನುಗಳ ಬಾಲ ಬೇರೆ ಥರ ಇರುತ್ತದೆ. ಕೆಲವು ಕೊಳ್ಳುಗರು ಅಂಥ ಎಲೆಯನ್ನು ದೋಷವೆಂದು ಬೆಲೆ ತಗ್ಗಿಸುತ್ತಾರೆ. ಅದು ದೋಷವಲ್ಲ, ಆ ಕಟ್ಟನ್ನು ಜನ ನಿಜವಾಗಿ ಆಡಿದ್ದರು ಎಂಬುದಕ್ಕೆ ಸಾಕ್ಷಿ.

ಆಟವನ್ನು ಕೊಂದದ್ದು ಅಚ್ಚಿನ ಯಂತ್ರ. 1830ರ ದಶಕದ ಆರಂಭದಲ್ಲಿ, ಮುಮ್ಮಡಿಯವರು ಅಧಿಕಾರ ಕಳೆದುಕೊಂಡ ಹೊತ್ತಿನಲ್ಲೇ, ಲಂಡನ್ನಿನ ಥಾಮಸ್ ಡೆ ಲಾ ರೂ ಬಣ್ಣದಲ್ಲಿ ಇಸ್ಪೀಟೆಲೆ ಅಚ್ಚು ಹಾಕುವ ಹೊಸ ವಿಧಾನಕ್ಕೆ ಹಕ್ಕುಪತ್ರ ಪಡೆದ. ಚಿತ್ರಗಾರ ದಿನಗಟ್ಟಲೆ ಕೂತು ಬರೆಯುವ ಕಟ್ಟಿನೆದುರು ಯಂತ್ರದಿಂದ ಬಂದ 52 ಎಲೆ ನಿಂತಿತು. ಅದು ಅಗ್ಗ, ಜೇಬಿಗೆ ಹಿಡಿಯುತ್ತದೆ, ಒಂದು ಎಲೆ ಕಳೆದರೆ ಇನ್ನೊಂದು ಕಟ್ಟು ಕೊಂಡರಾಯಿತು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಗಂಜೀಫಾ ಆಡುವವರು ದೇಶದಲ್ಲೆಲ್ಲ ಕರಗಿಹೋಗುತ್ತಿದ್ದರು.

ಅದೇ ಹೊತ್ತಿಗೆ ಇನ್ನೊಂದು ಬಗೆಯ ಎಲೆ ಕನ್ನಡ ನಾಡಿಗೂ ಕಾಲಿಟ್ಟಿತು. ಸಿಗರೇಟು ಪೊಟ್ಟಣ ಮುದುಡದಿರಲೆಂದು ಒಳಗೆ ಒಂದು ರಟ್ಟಿನ ತುಂಡು ಇಡುತ್ತಿದ್ದರು. ಅದರ ಮೇಲೆ ಸೈನಿಕರ, ಆಟಗಾರರ, ಸುಂದರಿಯರ ಚಿತ್ರ ಬಂದು ಅದೇ ಸಂಗ್ರಹದ ಗೀಳಾಯಿತು. ವಿಲ್ಸ್ ಕಂಪನಿಯ ಸಿಸರ್ಸ್ ಸಿಗರೇಟಿನ ಪೊಟ್ಟಣಗಳಲ್ಲಿ ಭಾರತದ ಗಿರಾಕಿಗಳಿಗೆಂದೇ ಇಂಥ ಮಾಲೆಗಳು ಬಂದವು. ಇಂಪೀರಿಯಲ್ ಟೊಬ್ಯಾಕೊ 1910ರಲ್ಲಿ ಕಲ್ಕತ್ತೆಯಲ್ಲಿ ಕಂಪನಿ ತೆರೆದು, 1913ರಲ್ಲಿ ಬೆಂಗಳೂರಿನಲ್ಲಿ ಸಿಗರೇಟು ಕಾರ್ಖಾನೆ ಹಾಕಿತು. ಇದೇ ಹೊತ್ತಿಗೆ ಕೆನಡಾದಲ್ಲಿದ್ದ ಇಂಪೀರಿಯಲ್ ಟೊಬ್ಯಾಕೊ 1910-11ರಲ್ಲಿ ಐಸ್ ಹಾಕಿ ಆಟಗಾರರ ಮೊದಲ ಮಾಲೆ ಹೊರಡಿಸಿತ್ತು. ಸಂಗ್ರಾಹಕರು ಅದಕ್ಕೆ ಸಿ-56 ಎನ್ನುತ್ತಾರೆ. ಅದರಲ್ಲಿದ್ದದ್ದು 36 ಎಲೆ, ಮೈಸೂರಿನ ಅತಿ ಚಿಕ್ಕ ಛದದಷ್ಟೇ.

ಆ ಹಾಕಿ ಎಲೆಗಳ ಪೇಟೆ ಈಗ ಎಲ್ಲಿಗೆ ಮುಟ್ಟಿದೆ ಎಂದರೆ, 1979ರಲ್ಲಿ ಓ-ಪೀ-ಚೀ ಎಂಬ ಕೆನಡಾದ ಮಿಠಾಯಿ ಕಂಪನಿ ಹೊರತಂದ, ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿಯ ಮೊದಲ ಎಲೆಯೊಂದು 2021ರಲ್ಲಿ 37.5 ಲಕ್ಷ ಡಾಲರಿಗೆ, ಆಗಿನ ಲೆಕ್ಕದಲ್ಲಿ ಸುಮಾರು 27 ಕೋಟಿ ರೂಪಾಯಿಗೆ, ಮಾರಾಟವಾಯಿತು. ಕಾರಣ ಸರಳ. ಆ ಎಲೆ ಹತ್ತಕ್ಕೆ ಹತ್ತು ಅಂಕ ಪಡೆದಿತ್ತು. 1991ರಿಂದ ಅಮೆರಿಕದಲ್ಲಿ ಪಿಎಸ್‌ಎ ಎಂಬ ಸಂಸ್ಥೆ ಇಂಥ ಎಲೆಗಳ ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವೆ ಕೂತಿದೆಯೋ ಇಲ್ಲವೋ ಎಂದು ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಬಿಡುತ್ತದೆ. ಯಾರೂ ಮುಟ್ಟದ ಎಲೆಗೆ ಅಲ್ಲಿ ಹೆಚ್ಚು ಬೆಲೆ. ಮಾಲೆಯಲ್ಲಿ ಉಳಿದ ಆಟಗಾರರು ಇದ್ದಾರೋ ಇಲ್ಲವೋ ಯಾರಿಗೂ ಬೇಕಿಲ್ಲ, ಗ್ರೆಟ್ಸ್ಕಿಯೊಬ್ಬ ಇದ್ದರೆ ಸಾಕು.

ಚಾಮರಾಜನಗರ, ಗುಂಡ್ಲುಪೇಟೆಯ ಹಳೆಯ ತಲೆಮಾರಿನವರಿಗೆ ಈ ವ್ಯಾಪಾರ ಹೊಸದಲ್ಲ. ಬಸ್‌ಸ್ಟ್ಯಾಂಡಿನ ಕಸದಲ್ಲಿ, ಸಿನಿಮಾ ಟೆಂಟಿನ ಹಿಂದೆ ಆರಿಸಿದ ಬೆಂಕಿಪೊಟ್ಟಣದ ಚಿತ್ರ, ಸಿಗರೇಟು ಪ್ಯಾಕಿನ ಮುಖ ಇವೇ ಆಗ ಹುಡುಗರ ರೊಕ್ಕ. ಊರಲ್ಲಿ ಎಲ್ಲರೂ ಸೇದುವ ಸಿಗರೇಟಿನ ಪ್ಯಾಕಿಗೆ ಕಡಿಮೆ ಬೆಲೆ. ಊಟಿಗೆ ಹೋಗುವ ಕಾರಿನವರು ಬಿಸಾಕಿದ ಪರದೇಶಿ ಪ್ಯಾಕಿಗೆ ಬಹಳ ಬೆಲೆ. ಹರಿದಿದ್ದರೆ ಅರ್ಧ. ಇದನ್ನು ಯಾರೂ ಹೇಳಿಕೊಡಲಿಲ್ಲ, ರಸ್ತೆ ಹೇಳಿಕೊಟ್ಟಿತು. ಮೈಸೂರಿನಿಂದ ಬಂದ ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆದು ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ಅಪರೂಪದ ವಸ್ತು ಬರುವುದೂ ಆ ದಾರಿಯಲ್ಲೇ, ಹೋಗುವುದೂ ಆ ದಾರಿಯಲ್ಲೇ.

ಗಂಜೀಫಾದ ಸಂಗ್ರಹ ಮಾತ್ರ ಹುಡುಗರಿಂದಲ್ಲ, ವಿದ್ವಾಂಸರಿಂದ ಶುರುವಾಯಿತು. ರುಡಾಲ್ಫ್ ಫಾನ್ ಲೇಡನ್ ಎಂಬ ಜರ್ಮನ್ 1933ರಲ್ಲಿ ಮುಂಬಯಿಗೆ ಬಂದವರು. ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಕಲಾವಿಮರ್ಶೆ ಬರೆಯುತ್ತ, ಹೊಸ ಚಿತ್ರಗಾರರ ಬೆನ್ನಿಗೆ ನಿಂತ ಅವರು ದೇಶದ ಮೂಲೆಮೂಲೆಯ ಗಂಜೀಫಾ ಎಲೆಗಳನ್ನು ಹುಡುಕಿ ಓದಿದರು. ಮೈಸೂರಿನ ಛದಗಳ ಮೇಲೆಯೇ ಅವರ ಒಂದು ಪುಸ್ತಕ 1973ರಲ್ಲಿ ವಿಯೆನ್ನಾದಲ್ಲಿ ಬಂತು. ಜರ್ಮನಿಯ ಲೈನ್‌ಫೆಲ್ಡೆನ್‌ನ ಇಸ್ಪೀಟೆಲೆ ಮ್ಯೂಸಿಯಮ್ಮಿನಲ್ಲಿರುವ ಭಾರತದ ಎಲೆಗಳಿಗೆ ಪಟ್ಟಿ ಮಾಡಿಕೊಟ್ಟವರು ಅವರೇ. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಗಂಜೀಫಾ ಪ್ರದರ್ಶನ ಮಾಡಿದಾಗ ಅದರ ಪುಸ್ತಕವೂ ಅವರದೇ. 1972ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಎಲೆಸಂಗ್ರಾಹಕರ ಸಂಘದ ಪತ್ರಿಕೆಯಲ್ಲಿ ಭಾರತದ ಎಲೆಗಳ ಮೇಲೆ ಲೇಖನಗಳು ಬರತೊಡಗಿದವು. ಒಂದು ವಸ್ತುವಿನ ಬಗ್ಗೆ ಪಟ್ಟಿ, ಪುಸ್ತಕ, ಪ್ರದರ್ಶನ ಬಂದರೆ ಹಿಂದೆಯೇ ಬೆಲೆಯೂ ಬರುತ್ತದೆ. ಯಾವ ಕಟ್ಟಿಗೆ ಎಷ್ಟು ಎಲೆ ಎಂದು ಗೊತ್ತಾದ ಮೇಲೆ ತಾನೇ ‘ಪೂರ್ತಿ ಇದೆ’ ಎಂದು ಹೇಳಲು ಬರುವುದು?

ಹಳೆಯ ಛದಕ್ಕೆ ಬೆಲೆ ಕಟ್ಟುವವರು ಮೊದಲು ಎಣಿಸುತ್ತಾರೆ. 96 ಆದರೆ ಮೊಗಲ್, 120 ಆದರೆ ದಶಾವತಾರ, 320 ಆದರೆ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಳ್ಳುತ್ತದೆ. ಪೂರ್ತಿ ಕಟ್ಟು ಬಲು ಅಪರೂಪ. ಆಮೇಲೆ ಪೆಟ್ಟಿಗೆ. ಎಲೆಗಳ ಜೊತೆ ಹುಟ್ಟಿದ, ಜಾರುಮುಚ್ಚಳದ, ಅದೇ ಬಣ್ಣದ ಮರದ ಪೆಟ್ಟಿಗೆ ಇದ್ದರೆ ಕಟ್ಟು ಚೆದುರಿಲ್ಲ ಎನ್ನುವ ನಂಬಿಕೆ ಬರುತ್ತದೆ. ನಂತರ ಎಲೆಯನ್ನು ಬೋರಲು ಹಾಕಿ ನೋಡಬೇಕು, ಮುಖಕ್ಕಿಂತ ಬೆನ್ನು ಹೆಚ್ಚು ಹೇಳುತ್ತದೆ. ಹಳೆಯ ಅರಗು ಜೇಡರ ಬಲೆಯಂತೆ ಸಣ್ಣಗೆ ಬಿರುಕು ಬಿಟ್ಟಿರುತ್ತದೆ, ಅಂಚಿನಲ್ಲಿ ಹೆಬ್ಬೆರಳು ಒತ್ತಿದ ಕಡೆ ಬಣ್ಣ ಸವೆದು ಕೆಳಗಿನ ಬಟ್ಟೆಯ ಎಳೆ ಇಣುಕುತ್ತದೆ. ಆಡಿದ ಕಟ್ಟಿನಲ್ಲಿ ಈ ಸವಕಲು ಎಲ್ಲ ಎಲೆಗೂ ಹೆಚ್ಚುಕಡಿಮೆ ಒಂದೇ ಸಮ. ಹೊಗೆ ಹಿಡಿಸಿ, ಚಹಾ ಸವರಿ ಹಳತು ಮಾಡಿದ ಹೊಸ ಎಲೆಯಲ್ಲಿ ಕೊಳೆ ಮುಖದ ಮೇಲೆ ಮಾತ್ರ ಇರುತ್ತದೆ, ಅಂಚು ಹೊಸದಾಗಿ ಕತ್ತರಿಸಿದಂತೆ ಚೂಪಾಗಿರುತ್ತದೆ. ಕೊನೆಗೆ ಕೈ: ಒಂದೇ ಚಿತ್ರಗಾರನ ಕಣ್ಣು, ಮೂಗು, ಸೀರೆಯ ನೆರಿಗೆ ಕಟ್ಟಿನ ಉದ್ದಕ್ಕೂ ನಡೆದಿದೆಯೇ?

ಇಲ್ಲೇ ಹಾಕಿ ಎಲೆಯ ಪೇಟೆಗೂ ಛದದ ಪೇಟೆಗೂ ಜಗಳ. ಛದದಲ್ಲಿ ಒಂಟಿ ಎಲೆಗೆ ಅರ್ಥವಿಲ್ಲ. ಚಾಮುಂಡೇಶ್ವರಿಯ ರಾಜ ಎಲೆಗೆ ಬಲ ಬರುವುದು ಕೆಳಗಿನ ಹತ್ತೊಂಬತ್ತು ಎಲೆಗಳಿಂದ. ಆದರೂ ಕಟ್ಟು ಒಡೆದು ಬಿಡಿಬಿಡಿಯಾಗಿ ಮಾರುವುದು ರೂಢಿಯಾಯಿತು. ಚಂದದ ದೇವಿಯ ಎಲೆಗಳನ್ನು ಚೌಕಟ್ಟಿಗೆ ಹಾಕಿ ಗೋಡೆಗೆ ತೂಗುಹಾಕಬಹುದು. ಇಡೀ ಕಟ್ಟಿಗೆ ಹಣ ಕೊಡುವವನು ಒಬ್ಬ, ಒಂದೊಂದು ಎಲೆಗೆ ಕೊಡುವವರು ನೂರು. ಅಂಕೆಯ ಎಲೆಗಳು, ಎರಡು ಮೀನು, ಏಳು ಶಂಖ, ಒಂಬತ್ತು ಬಾಣ, ಯಾರಿಗೂ ಬೇಡವಾಗಿ ಹೋಗುತ್ತವೆ. ಹೀಗೆ ಹೋದ ಕಟ್ಟನ್ನು ಮತ್ತೆ ಸೇರಿಸುವುದು ಆಗದ ಮಾತು. ನಮ್ಮ ಊರುಗಳ ಅಟ್ಟಗಳಿಂದ ಗುಜರಿಯವನ ಮೂಟೆಗೆ ಹೋದ ಹಿತ್ತಾಳೆಯ ಜೊತೆ ಎಷ್ಟು ಪೆಟ್ಟಿಗೆಗಳು ಹೋದವೋ!

ಒಡೆದ ಕಟ್ಟಿನ ನೋವು ಈ ಸೀಮೆಗೆ ಹೊಸದೇನಲ್ಲ, ಇಲ್ಲಿ ಗುಡಿಗಳ ಜೋಡಿಯೊಂದೂ ಹಾಗೆಯೇ ಒಡೆದಿದೆ. ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟಕ್ಕೆ ಬರುವ ಮೊದಲು ಗುಂಡ್ಲುಪೇಟೆಯ ಹತ್ತಿರದ ಹಂಗಳದಲ್ಲಿದ್ದರು. ರಾಜರಾದ ಮೇಲೆ ಗುಂಡ್ಲುಪೇಟೆಯಲ್ಲಿ ತಂದೆ ದೊಡ್ಡದೇವರಾಜರ ನೆನಪಿಗೆ ಪರವಾಸುದೇವನ ಗುಡಿ ಕಟ್ಟಿಸಿದರು. ಒಂದೂವರೆ ಶತಮಾನದ ಆಚೀಚೆ, ಪಕ್ಕಪಕ್ಕದ ಎರಡು ಊರುಗಳಲ್ಲಿ, ಇಬ್ಬರು ಮಕ್ಕಳು ತಂದೆಯರಿಗಾಗಿ ಕಟ್ಟಿದ ಎರಡು ಗುಡಿಗಳಿವು. ಚಾಮರಾಜನಗರದ್ದು ತೇರು, ಜಾತ್ರೆ, ದೀಪದೊಂದಿಗೆ ಉಳಿಯಿತು. ಗುಂಡ್ಲುಪೇಟೆಯದು ಪೂಜೆಯಿಲ್ಲದೆ ದಶಕಗಟ್ಟಲೆ ಪಾಳುಬಿತ್ತು, ಕಂಬಗಳ ನಡುವೆ ಗಿಡಗಂಟಿ ಬೆಳೆಯಿತು.

ಕಾನೂನಿನ ಮಾತನ್ನೂ ಹೇಳಬೇಕು, ಏಕೆಂದರೆ ಆಸೆಗೆ ಬಿದ್ದು ಸಿಕ್ಕಿಬೀಳುವವರು ಹೆಚ್ಚು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಕಲಾವಸ್ತು ಅದರ ಕೆಳಗೆ ಬರುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಮುಮ್ಮಡಿಯವರ ಕಾಲದ ಯಾವ ಛದವೂ ಈ ಲೆಕ್ಕದೊಳಗೇ. ದಂತದ ಎಲೆಯಾದರೆ ಇನ್ನೂ ಬಿಗಿ. ವನ್ಯಜೀವಿ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರ ನಿಲ್ಲಿಸಿತು, 1991ರಲ್ಲಿ ಆಫ್ರಿಕದ ದಂತಕ್ಕೂ ಬಾಗಿಲು ಮುಚ್ಚಿತು. ಚಾಮರಾಜನಗರ ಜಿಲ್ಲೆಯವರಿಗೆ ಇದು ಪುಸ್ತಕದ ಕಾನೂನಲ್ಲ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1874ರಲ್ಲಿ ಕಾಡಾನೆಗಳ ಹಿಂಡನ್ನು ಖೆಡ್ಡಾಕ್ಕೆ ಕೆಡವಿದ್ದು ಚಾಮರಾಜನಗರದ ಹತ್ತಿರದ ಕಾಡಿನಲ್ಲಿ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ದಂತಕ್ಕಾಗಿ ಸತ್ತ ಸಲಗಗಳನ್ನು ಕಂಡ ಜನ ಇಲ್ಲಿದ್ದಾರೆ. ದರ್ಬಾರ್ ಕಲಮ್ಮಿನ ಬಿಳಿ ಹೊಳಪಿನ ಹಿಂದೆ ಇಂಥದೊಂದು ಸಾವು ಇದೆ. ಹೊಸ ದಂತದ ಎಲೆ ಇನ್ನು ಯಾರಿಗೂ ಬೇಡ.

ಬೇಕಾದದ್ದು ಹೊಸ ಬಟ್ಟೆಯ ಎಲೆ, ಹೊಸ ಕಾಗದದ ಎಲೆ. ಮೈಸೂರಿನಲ್ಲಿ ಕಲಾವಿದ ರಘುಪತಿ ಭಟ್ಟರು ಹಳೆಯ ಎಲೆಗಳನ್ನು ಅಭ್ಯಾಸ ಮಾಡಿ ಈ ಕಸುಬಿಗೆ ಮತ್ತೆ ಜೀವ ಕೊಟ್ಟರು. ಎಷ್ಟರಮಟ್ಟಿಗೆಂದರೆ ಗಂಜೀಫಾ ಎಂಬುದು ಅವರ ಹೆಸರಿನ ಮುಂದೆ ಅಂಟಿಕೊಂಡಿತು. ಅವರು ಸ್ಥಾಪಿಸಿದ ಗಂಜೀಫಾ ಸಂಶೋಧನಾ ಕೇಂದ್ರದಿಂದ ಹಲವರು ಕುಂಚ ಹಿಡಿಯಲು ಕಲಿತರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳಲ್ಲಿ ಅಳಗುಳಿಮಣೆ, ಪಗಡೆ, ಚೌಕಾಬಾರ, ಹುಲಿ-ಕುರಿ ಹಾಸುಗಳನ್ನು ದೇಶದ ನಾನಾ ಕಡೆಯ ಕುಶಲಕರ್ಮಿಗಳಿಂದ ಮಾಡಿಸಿ ಮಾರಾಟಕ್ಕಿಟ್ಟಾಗ ಮುಮ್ಮಡಿಯವರ ಆಟಗಳೂ ಅಲ್ಲಿ ಬೆಳಕು ಕಂಡವು. ಜನ ಕೊಂಡರು ಕೂಡ. ಆದರೆ ಹೆಚ್ಚಿನ ಹೊಸ ಗಂಜೀಫಾ ಚಿತ್ರವಾಗಿಯೇ ಮಾರಾಟವಾಗುತ್ತಿದೆ: ಒಂದು ಎಲೆ, ಒಂದು ಚೌಕಟ್ಟು. ಕಟ್ಟಾಗಿ ಬರೆಸುವವರು ಕಡಿಮೆ, ಕಟ್ಟನ್ನು ಕಲಸಿ ಆಡುವವರು ಇನ್ನೂ ಕಡಿಮೆ.

ಅಟ್ಟ ಗುಡಿಸುವಾಗ ಇಂಥದೊಂದು ಪೆಟ್ಟಿಗೆ ಸಿಕ್ಕಿದವರಿಗೆ ಹೇಳಬೇಕಾದ ಮಾತು ಸ್ವಲ್ಪವೇ. ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಹುಣಸೆಬೀಜದ ಅಂಟು ನೀರು ಕಂಡರೆ ಬಿಡುತ್ತದೆ, ಪದರ ಎದ್ದು ಬಣ್ಣ ಉದುರುತ್ತದೆ. ಬಿಸಿಲಿಗೆ ಹಾಕಬಾರದು, ಅರಗು ಮೆತ್ತಗಾಗಿ ಎಲೆ ಎಲೆಗೆ ಅಂಟಿಕೊಳ್ಳುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ಮುರಿದ ಚೂರು ಇದ್ದರೆ ಎಸೆಯಬಾರದು. ಯಾರಾದರೂ ‘ಈ ದೇವಿಯದೊಂದು ಕೊಡಿ ಸಾಕು’ ಎಂದರೆ ಕೊಡಬಾರದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಶ್ರೀತತ್ತ್ವನಿಧಿಯ ಹಸ್ತಪ್ರತಿ ಇದೆ, ಯಾವ ಎಲೆ ಯಾವ ಛದದ್ದು ಎಂದು ಚಿತ್ರ ಹೋಲಿಸಿ ನೋಡಬಹುದು.

ಎಣಿಸಲು ಬೇಕಾಗುವುದು ದೊಡ್ಡದೊಂದು ಬಿಳಿ ಪಂಚೆ. ಮುನ್ನೂರ ಇಪ್ಪತ್ತು ಎಲೆ ಹರಡಿದರೆ ನಡುಮನೆ ತುಂಬುತ್ತದೆ. ಕೂತಲ್ಲಿಂದ ಒಬ್ಬರ ಕೈಗೆ ಎಲ್ಲವೂ ಎಟುಕುವುದಿಲ್ಲ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು, ಹದಿನಾರು ಜಾತಿಯನ್ನು ಹದಿನಾರು ಸಾಲಾಗಿ ಜೋಡಿಸಿ, ಪ್ರತಿ ಸಾಲಿನ ತಲೆಗೆ ಆಯಾ ದೇವಿಯ ಎಲೆ ಇಟ್ಟು, ಎಲ್ಲಿ ಜಾಗ ಖಾಲಿ ಬಿತ್ತೆಂದು ನೋಡಬೇಕು.